ಗಂಟಿಗೆ ಬಿಟ್ಟ ದಾರ

ಪೈ ಎಂಬ ಚಿಹ್ನೆಯನ್ನು ಮೊದಲ ಸಲ ಕರಿಹಲಗೆಯ ಮೇಲೆ ಕಂಡಾಗ ನಾನು ಅದನ್ನು ಮದುವೆಯ ಹಂದರ ಅಂದುಕೊಂಡಿದ್ದೆ. ಎರಡು ಗೂಟ, ಮೇಲೊಂದು ಅಡ್ಡ ಬೊಂಬು. ಅದಕ್ಕೂ ವೃತ್ತಕ್ಕೂ ಏನು ಸಂಬಂಧ ಎಂದು ಮೇಷ್ಟ್ರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೇಳುವ ರೂಢಿಯೇ ಇರಲಿಲ್ಲ. ಅವರು ಬೆತ್ತ ಎತ್ತಿ ಪೈ ಬೆಲೆ ಎಷ್ಟು ಅಂದರೆ ಇಡೀ ತರಗತಿ ಒಂದೇ ಉಸಿರಿನಲ್ಲಿ ಇಪ್ಪತ್ತೆರಡು ಬೈ ಏಳು ಅನ್ನಬೇಕು. ಒಂದು ದಿನ ನಾನು ಅವಸರದಲ್ಲಿ ಏಳು ಬೈ ಇಪ್ಪತ್ತೆರಡು ಅಂದುಬಿಟ್ಟೆ. ಅಂಗೈ ಮೇಲೆ ಎರಡು ಬಿದ್ದವು. ಅರ್ಥವೇ ಗೊತ್ತಿಲ್ಲದ ಮಾತನ್ನು ನೆಟ್ಟಗೆ ಹೇಳಿದರೇನು, ತಲೆಕೆಳಗಾಗಿ ಹೇಳಿದರೇನು? ಆ ಎರಡು ಏಟಿನ ಸಿಟ್ಟು ನನಗೆ ಈ ವಯಸ್ಸಿನಲ್ಲೂ ಇಳಿದಿಲ್ಲ.

ಅದು ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಹಡಗಲಿಯಲ್ಲಿ ನಮ್ಮ ಓಣಿಯ ಹತ್ತಿರದ ಶಾಲೆಯಲ್ಲಿ ನಾನು ಏಳನೇ ತರಗತಿ. ಅಪ್ಪ ಕೊಟ್ಟೂರಿನಲ್ಲಿ ಹಮಾಲಿ ಮಾಡುತ್ತ ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಮನೆ ನಡೆಸುವವಳು ಅವ್ವ, ಅವಳ ಕಸುಬು ಹೂ ಕಟ್ಟುವುದು. ಹಡಗಲಿ ಮಲ್ಲಿಗೆ ಅಂದರೆ ಕೊಳ್ಳುವವರಿಗೆ ಘಮಘಮ, ಕಟ್ಟುವವರಿಗೆ ಬೆನ್ನುನೋವು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುತ್ತದಂತೆ. ಕಟ್ಟಿದವಳು ಮಾತ್ರ ಬಸ್ ನಿಲ್ದಾಣದ ಬಿಸಿಲಿನಲ್ಲೇ ಕೂತಿರುತ್ತಾಳೆ.

ನನ್ನ ವಿಷಯದಲ್ಲಿ ಅವ್ವ ಒಂದು ಮಾತು ಕೊಟ್ಟಿದ್ದಳು. ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ಪಾಸಾದರೆ ಹೈಸ್ಕೂಲು, ಇಲ್ಲದಿದ್ದರೆ ಹೂವಿನ ಬುಟ್ಟಿ. ಉಳಿದ ವಿಷಯಗಳಲ್ಲಿ ನನಗೆ ಭಯವಿರಲಿಲ್ಲ. ಲೆಕ್ಕ ಮಾತ್ರ ಗಂಟಲಲ್ಲಿ ಸಿಕ್ಕ ಮುಳ್ಳು. ಮಗ್ಗಿ ಬರುತ್ತಿತ್ತು, ಸೂತ್ರ ಬರುತ್ತಿರಲಿಲ್ಲ. ರಾತ್ರಿ ಬಾಯಿಪಾಠ ಮಾಡಿದ್ದು ಬೆಳಿಗ್ಗೆ ಮುಖ ತೊಳೆಯುವಷ್ಟರಲ್ಲಿ ಹೋಗಿಬಿಡುತ್ತಿತ್ತು.

ಹೂವಿನ ವ್ಯಾಪಾರವೆಲ್ಲ ಕೈಯಳತೆಯ ಮೇಲೆ ನಿಂತದ್ದು. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ. ಅದರ ಅರ್ಧ ಒಂದು ಗೇಣು. ಕೆಲವರು ಅಳೆಯುವಾಗ ಗೊತ್ತಾಗದ ಹಾಗೆ ಬೆರಳು ಮಡಚುತ್ತಾರೆ, ಹತ್ತು ಮೊಳ ಕೊಂಡವರ ಮನೆಗೆ ಒಂಬತ್ತೇ ಹೋಗುತ್ತದೆ. ಅವ್ವ ಬೆರಳು ಮಡಚಿದವಳಲ್ಲ. ಅವಳದೇ ಮೊಳ ಬೇಕು ಎಂದು ಹುಡುಕಿಕೊಂಡು ಬರುವವರಿದ್ದರು, ಅವಳಿಗೆ ಅದೇ ದೊಡ್ಡ ಆಸ್ತಿ. ನನ್ನ ಕೈ ಇನ್ನೂ ಗಿಡ್ಡ. ಹಾಗಾಗಿ ತನ್ನ ಮೊಳಕ್ಕೆ ಸರಿಯಾಗಿ ಒಂದು ಹುರಿ ಕತ್ತರಿಸಿ ಕೊಟ್ಟು, ಅದರಿಂದಲೇ ಅಳೆಯಬೇಕೆಂದು ತಾಕೀತು ಮಾಡಿದ್ದಳು.

ದುಂಡನೆಯ ವಸ್ತುವಿಗೆ ಹೂ ಸುತ್ತಬೇಕಾದಾಗ ಅವಳದೊಂದು ಲೆಕ್ಕವಿತ್ತು. ಅವಳ ಅವ್ವನಿಂದ ಬಂದದ್ದು. ಅಡ್ಡಗಲ ಎಷ್ಟೋ ಅದರ ಮೂರು ಪಟ್ಟು, ಮೇಲೆ ಗಂಟಿಗೆ ನಾಲ್ಕು ಬೆರಳು. ಕಳಸದ ಚೊಂಬಿಗೂ ಇದೇ, ಮದುವೆಯ ಐರಾಣಿ ಗಡಿಗೆಗೂ ಇದೇ. ಎಂದೂ ಕಡಿಮೆ ಬಿದ್ದದ್ದಿಲ್ಲ. ಕಡಿಮೆ ಬೀಳದ ಲೆಕ್ಕವನ್ನು ಯಾರು ತಾನೇ ಅನುಮಾನಿಸುತ್ತಾರೆ?

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳಲ್ಲಿ ಮಾಗಳದ ಹತ್ತಿರ ಒಂದು ದೊಡ್ಡ ಮನೆಯವರು ಹೊಲದಲ್ಲಿ ಹೊಸ ಬಾವಿ ತೋಡಿಸಿದರು. ಗಂಗಮ್ಮನ ಪೂಜೆಗೆ ಅವ್ವನಿಗೇ ಹೂ ಹೇಳಿದರು. ಅವರ ಮನೆತನದ ಪದ್ಧತಿ ಸ್ವಲ್ಪ ಬಿಗಿ. ಹೊಸ ಬಾವಿಯ ಕಲ್ಲುಕಟ್ಟೆಗೆ ಒಂದು ಸುತ್ತು ಮಲ್ಲಿಗೆ ಹಾಕಬೇಕು, ಆ ಸರ ಒಂದೇ ನೂಲಿನಲ್ಲಿ ಕಟ್ಟಿದ್ದಾಗಿರಬೇಕು, ನಡುವೆ ಎಲ್ಲೂ ತುಂಡು ಜೋಡಿಸಿರಬಾರದು. ಎರಡು ತುದಿ ಕೂಡುವ ಕಡೆ ಒಂದೇ ಒಂದು ಗಂಟು. ನಡುವೆ ಇನ್ನೊಂದು ಗಂಟು ಬಿದ್ದರೆ ಬಾವಿಯ ಸೆಲೆ ಕಟ್ಟುತ್ತದೆ ಎಂದು ಅವರ ನಂಬಿಕೆ.

ತೋಡಿದ ಮಣ್ಣು ಇನ್ನೂ ಒಂದು ಬದಿಗೆ ಗುಡ್ಡೆ ಬಿದ್ದಿತ್ತು, ಕಟ್ಟೆಯ ಸುತ್ತ ಹಗ್ಗ ಹಿಡಿದು ಅಳೆಯಲು ಬರುವಂತಿರಲಿಲ್ಲ. ಅದಕ್ಕೆ ಈ ಅಂಚಿನಿಂದ ಆ ಅಂಚಿಗೆ ಬಾವಿಯ ಮೇಲೆ ಅಡ್ಡಲಾಗಿ ಹಗ್ಗ ಎಳೆದು, ಅದನ್ನೇ ಕತ್ತರಿಸಿ ಆಳಿನ ಕೈಯಲ್ಲಿ ಕಳಿಸಿದರು. ಅವ್ವ ಅಳೆದಳು. ಹದಿನಾಲ್ಕು ಮೊಳ. ಮೂರು ಪಟ್ಟು ಅಂದರೆ ನಲವತ್ತೆರಡು. ದೊಡ್ಡ ಬಾವಿಗೆ ದೊಡ್ಡ ಗಂಟು ಇರಲಿ ಎಂದು ನಾಲ್ಕು ಬೆರಳಿನ ಬದಲು ಒಂದು ಗೇಣು ಹೆಚ್ಚಿಗೆ ಹಾಕಿದಳು. ಒಟ್ಟು ನಲವತ್ತೆರಡೂವರೆ ಮೊಳ.

ಪೂಜೆಯ ಹಿಂದಿನ ದಿನ ನಾನು ಶಾಲೆಗೆ ಹೋಗಲಿಲ್ಲ. ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಅವ್ವ ಕಟ್ಟಿದಳು. ನಾನು ಮೊಗ್ಗು ಜೋಡಿಸಿ ಕೊಡುತ್ತ, ಕಟ್ಟಿದ್ದನ್ನು ಹುರಿಯಿಂದ ಅಳೆದು ಬುಟ್ಟಿಯಲ್ಲಿ ಸುತ್ತಿ ಇಡುತ್ತ ಹೋದೆ. ಒಂದು ಮೊಳವಾದಾಗೆಲ್ಲ ಒಂದು ಹುಣಸೆಬೀಜ ಪಕ್ಕಕ್ಕಿಟ್ಟೆ. ಕೊನೆಗೆ ಬೀಜಗಳನ್ನು ಎಣಿಸಿದಾಗ ನಲವತ್ತೆರಡು, ಮೇಲೆ ಅವ್ವನ ಒಂದು ಗೇಣು. ಎರಡು ಸಲ ಎಣಿಸಿದ್ದೆ.

ಮರುದಿನ ಮೊದಲ ಬಸ್ಸಿಗೆ ಇಬ್ಬರೂ ಹೋದೆವು. ಮಣ್ಣಿನ ಗುಡ್ಡೆ ತೆಗೆದು ನೀರು ಚಿಮುಕಿಸಿ ಜಾಗ ಚೊಕ್ಕಟ ಮಾಡಿದ್ದರು. ಇಬ್ಬರು ಆಳುಗಳು ಸರದ ಒಂದೊಂದು ತುದಿ ಹಿಡಿದು ಕಟ್ಟೆಯ ಮೇಲೆ ಹೂ ಇಡುತ್ತ ಆಚೆ ಈಚೆಯಿಂದ ಬಂದರು. ಬಂದು, ಎದುರೆದುರು ನಿಂತುಬಿಟ್ಟರು. ತುದಿಗಳು ಕೂಡಲಿಲ್ಲ. ಎಳೆದು ನೋಡಿದರು, ಮೊಗ್ಗು ಉದುರಿದವೇ ಹೊರತು ತುದಿ ಹತ್ತಿರ ಬರಲಿಲ್ಲ. ಆ ಮನೆಯ ಹಿರಿಯ ಅಜ್ಜಿ ತಾನೇ ಬಂದು ನಡುವಿನ ಖಾಲಿ ಜಾಗವನ್ನು ತನ್ನ ಕೈಯಿಂದ ಅಳೆದಳು. ಆಮೇಲೆ ಅವ್ವನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಒಂದೂವರಿ ಮೊಳ ನುಂಗೀಯಲ್ಲಬೇ. ಗಂಗಮ್ಮಗೂ ಬೆರಳ ಮಡಚಿದ್ಯಾ?"

ಬಸ್ ನಿಲ್ದಾಣದಲ್ಲಿ ನಾಲ್ಕು ಜನ ಗಂಡಸರಿಗೆ ಒಬ್ಬಳೇ ಜವಾಬು ಕೊಡುತ್ತಿದ್ದ ಅವ್ವ ಸೆರಗು ಹಿಡಿದುಕೊಂಡು ನಿಂತಳು. ಜೋಡಿಸುವ ಹಾಗಿಲ್ಲ, ಮುಹೂರ್ತ ಕಾಯುವುದಿಲ್ಲ. ಸರವನ್ನು ಹಾಗೆಯೇ ಬಾವಿಯ ನೀರಿಗೆ ಬಿಟ್ಟು ಪೂಜೆ ಮುಗಿಸಿದರು.

ಮನೆಗೆ ಬಂದ ಮೇಲೆ ಅವ್ವ ಬಾಗಿಲು ಮುಂದೆ ಮಾಡಿ, ಕೈಯಿಂದ ಅಳೆದೆಯಾ ಎಂದು ಕೇಳಿದಳು. ಹುರಿಯಿಂದಲೇ ಅಳೆದೆ ಅಂದೆ. ಇನ್ನೊಮ್ಮೆ ಕೇಳಿದಳು. ಇನ್ನೊಮ್ಮೆ ಅದನ್ನೇ ಹೇಳಿದೆ. ಆ ಹುರಿಯನ್ನೇ ಕಿತ್ತುಕೊಂಡು ತೋಳಿಗೆ, ಬೆನ್ನಿಗೆ ಬಾರಿಸಿದಳು. ಬೇಸರ ಬಂದು ನಡುವೆ ನನ್ನ ಗಿಡ್ಡ ಕೈಯಿಂದ ಅಳೆದಿದ್ದೇನೆ, ಈಗ ಸುಳ್ಳು ಹೇಳುತ್ತಿದ್ದೇನೆ ಎಂದು ಅವಳ ತೀರ್ಮಾನ. ಹುಣಸೆಬೀಜ ತೋರಿಸಿದೆ. ಬೀಜ ಎಷ್ಟಿದ್ದರೇನು, ಅಳೆದ ಕೈ ಸರಿ ಇಲ್ಲದಿದ್ದರೆ ಅಂದಳು. ಸರ ಬಾವಿಯಲ್ಲಿ ಕೊಳೆಯುತ್ತಿತ್ತು, ಮತ್ತೆ ಅಳೆದು ತೋರಿಸುವ ದಾರಿಯೂ ಇರಲಿಲ್ಲ.

"ಇನ್ನ ಸಾಲಿ ಸಾಕು," ಅಂದಳು ಕೊನೆಗೆ. "ಸುಳ್ಳು ಹೇಳಾಕ ಸಾಲೀಗೆ ಹೋಗಬೇಕಂತೇನಿಲ್ಲ."

ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಅನ್ನುತ್ತಾರಲ್ಲ, ನಾನು ಆ ಕೊತ್ತಿ. ಆದರೆ ಅದು ಗೊತ್ತಿದ್ದರೆ ನೋವು ಕಡಿಮೆಯಾಗುತ್ತದೆಯೇ? ಪರೀಕ್ಷೆಗೆ ಒಂದು ತಿಂಗಳೂ ಉಳಿದಿರಲಿಲ್ಲ. ಶಾಲೆ ತಪ್ಪಿದ್ದು ಒಂದು ಸಂಕಟ. ಅವ್ವ ನನ್ನನ್ನು ಸುಳ್ಳಿ ಅಂದದ್ದು ಅದಕ್ಕಿಂತ ದೊಡ್ಡದು. ನಾನು ಸುಳ್ಳು ಹೇಳಿಲ್ಲ ಎಂದು ತೋರಿಸದೆ ಶಾಲೆಯ ಮಾತು ಎತ್ತುವಂತೆಯೇ ಇರಲಿಲ್ಲ.

ಮೂರ್ನಾಲ್ಕು ದಿನ ಅಳುತ್ತ, ಮೂಗು ಒರೆಸಿಕೊಳ್ಳುತ್ತ ಹೂ ಕಟ್ಟಿದೆ. ಒಂದು ಮಧ್ಯಾಹ್ನ ಅವ್ವ ಬುಟ್ಟಿ ಹೊತ್ತು ನಿಲ್ದಾಣಕ್ಕೆ ಹೋಗಿದ್ದಾಗ, ರೊಟ್ಟಿ ಮಾಡಿ ಇಳಿಸಿದ ಹಂಚು ಗೋಡೆಗೆ ಒರಗಿತ್ತು. ಸುಮ್ಮನೆ ಒಂದು ಬಾಳೆನಾರು ತೆಗೆದು ಅದರ ಅಡ್ಡಗಲ ಅಳೆದೆ. ಆ ಅಳತೆಯ ಮೂರರಷ್ಟು ಉದ್ದ ನಾರು ಕತ್ತರಿಸಿ ಹಂಚಿನ ಸುತ್ತ ಹಿಡಿದೆ. ಹೂವಿಲ್ಲ, ಗಂಟಿಲ್ಲ. ಬರೀ ನಾರು. ತುದಿಗೆ ತುದಿ ಮುಟ್ಟಬೇಕು ತಾನೇ? ಮುಟ್ಟಲಿಲ್ಲ. ಎರಡು ಬೆರಳಿನಷ್ಟು ಜಾಗ ಬಾಯಿ ಬಿಟ್ಟುಕೊಂಡಿತ್ತು. ಗಂಟೇ ಹಾಕದ ಕಡೆ ಗಂಟಿನ ದಾರ ಯಾರು ತಿಂದರು ಎಂದು ಮತ್ತೆ ಮತ್ತೆ ಸುತ್ತಿ ನೋಡಿದೆ.

ಆಮೇಲೆ ಮನೆಯಲ್ಲಿದ್ದ ದುಂಡನೆಯದನ್ನೆಲ್ಲ ಒಂದೊಂದಾಗಿ ಅಂಗಳಕ್ಕೆ ತಂದೆ. ಮೊದಲ ದಿನ ಎಲ್ಲ ಕೆಟ್ಟುಹೋಯಿತು. ಕೊಡದ ಬಾಯಿಯ ಅಗಲ ತೆಗೆದುಕೊಂಡು ಹೊಟ್ಟೆಗೆ ನಾರು ಸುತ್ತಿದೆ. ಮೂರಲ್ಲ, ಐದು ಪಟ್ಟು ಹಾಕಿದರೂ ಸಾಲಲಿಲ್ಲ. ಮೂರ್ಖಿ, ಯಾವುದರ ಅಗಲವೋ ಅದರ ಸುತ್ತೇ ಅಳೆಯಬೇಕು ಎಂದು ಹೊಳೆಯಲು ಒಂದು ಸಂಜೆ ಹಿಡಿಯಿತು. ಜರಡಿಯ ಅಡ್ಡಗಲ ತೆಗೆಯುವಾಗ ನಾರು ನಡುವಿನಿಂದ ಸರಿದಿತ್ತು, ಅಳತೆ ಗಿಡ್ಡವಾಯಿತು. ಆಚೆ ಈಚೆ ಸರಿಸುತ್ತ ಅತಿ ಉದ್ದ ಬರುವ ಕಡೆಯೇ ನಿಜವಾದ ಅಡ್ಡಗಲ ಎಂದು ಕಂಡುಕೊಂಡೆ. ಅಳೆದ ನಾರುಗಳನ್ನು ಜೋಪಾನವಾಗಿ ಇಟ್ಟು ಮರುದಿನ ನೋಡಿದರೆ ಒಣಗಿ ಮುದುಡಿ ಎಲ್ಲ ಸುಳ್ಳಾಗಿದ್ದವು. ಅವನ್ನು ಒಲೆಗೆ ಹಾಕಿ ನೂಲಿನಿಂದ ಮೊದಲಿನಿಂದ ಶುರು ಮಾಡಿದೆ.

ಜರಡಿಗೂ ಜಾಗ ಉಳಿಯಿತು, ಹಂಡೆಯ ಮುಚ್ಚಳಕ್ಕೂ ಉಳಿಯಿತು. ಪಕ್ಕದ ಮನೆಯವರ ಚಕ್ಕಡಿಯ ಗಾಲಿಗೆ ಸುತ್ತಿದಾಗ ಉಳಿದ ಜಾಗ ಹೆಚ್ಚುಕಡಿಮೆ ಒಂದು ಗೇಣು! ಅಷ್ಟು ದೊಡ್ಡ ಗಂಟು ಯಾವ ಭೂಪ ಹಾಕುತ್ತಾನೆ? ವಸ್ತು ದೊಡ್ಡದಾದಂತೆ ಜಾಗವೂ ದೊಡ್ಡದಾಗುತ್ತಿತ್ತು. ಅಂದರೆ ಅದು ಗಂಟಿನದಲ್ಲ, ದುಂಡಿನದೇ. ಚಿಕ್ಕ ಚೊಂಬು, ಗಡಿಗೆಗಳಲ್ಲಿ ಅದು ಒಂದೆರಡು ಬೆರಳಿನಷ್ಟಿದ್ದು ಅವ್ವನ ನಾಲ್ಕು ಬೆರಳಿನೊಳಗೆ ಅಡಗಿ ಕೂತಿತ್ತು. ಬಾವಿಯಲ್ಲಿ ಅಡಗಲು ಜಾಗ ಸಾಲಲಿಲ್ಲ.

ಎಷ್ಟು ಅನ್ನುವುದೊಂದು ಉಳಿಯಿತು. ಉಳಿದ ಜಾಗಕ್ಕೆ ಸರಿಯಾಗಿ ಒಂದು ತುಂಡು ನೂಲು ಕತ್ತರಿಸಿ, ಅಡ್ಡಗಲದ ನೂಲಿನ ಮೇಲೆ ಹೆಜ್ಜೆ ಹಾಕಿಸಿದೆ. ಹಂಚಿಗೆ ಏಳು ಹೆಜ್ಜೆ. ಜರಡಿಗೆ ಏಳು. ಮುಚ್ಚಳಕ್ಕೆ ಏಳು. ಗಾಲಿಗೂ ಏಳೇ. ನಾಲ್ಕೂ ಬೇರೆ ಬೇರೆ ಗಾತ್ರ, ನಾಲ್ಕನ್ನೂ ಬೇರೆ ಬೇರೆ ಜನ ಮಾಡಿದ್ದು. ಕುಂಬಾರನೂ ಬಡಿಗನೂ ಎಂದಾದರೂ ಕೂತು ಮಾತಾಡಿಕೊಂಡಿದ್ದರೇ? ಗಾಲಿಯ ಪಕ್ಕದಲ್ಲಿ ಧೂಳಿನಲ್ಲೇ ಕೂತುಬಿಟ್ಟೆ. ಖುಷಿಯೋ ಹೆದರಿಕೆಯೋ ಹೇಳಲಾರೆ. ಯಾರಿಗೂ ಗೊತ್ತಿಲ್ಲದ ಒಂದು ಗುಟ್ಟು ನನಗೆ ಸಿಕ್ಕಿದೆ ಅನ್ನಿಸಿತ್ತು.

ಆಮೇಲೆ ಬಾವಿಯ ಲೆಕ್ಕ. ಅಡ್ಡಗಲ ಹದಿನಾಲ್ಕು ಮೊಳ. ಅದರ ಏಳನೇ ಒಂದು ಪಾಲು ಎರಡು ಮೊಳ. ನಲವತ್ತೆರಡಕ್ಕೆ ಎರಡು ಕೂಡಿಸಿದರೆ ನಲವತ್ತನಾಲ್ಕು. ನಾವು ಒಯ್ದದ್ದು ನಲವತ್ತೆರಡೂವರೆ. ಕಡಿಮೆ ಬಿದ್ದದ್ದು ಎಷ್ಟು? ಒಂದೂವರೆ ಮೊಳ. ಅಜ್ಜಿ ತನ್ನ ಕೈಯಿಂದ ಅಳೆದು ಕೂಗಿದ್ದೂ ಅಷ್ಟೇ. ಆಗ ಬಂದ ಅಳು ಮೊದಲಿನ ಅಳುವಲ್ಲ.

ಇಷ್ಟೆಲ್ಲ ಒದ್ದಾಡುವ ಬದಲು ಸೂತ್ರ ಕಲಿತಿದ್ದರೆ ಎರಡು ನಿಮಿಷದ ಕೆಲಸವಾಗುತ್ತಿತ್ತಲ್ಲ ಎಂದು ಈಗಲೂ ಕೆಲವರು ನನಗೆ ಬುದ್ಧಿ ಹೇಳುತ್ತಾರೆ. ಕಲಿತಿದ್ದೆನಲ್ಲ ಮಹಾರಾಯರೇ! ದಿನಕ್ಕೆ ಹತ್ತು ಸಲ ಕೂಗಿದ್ದೆ. ಆ ಕೂಗು ನನ್ನ ಕಿವಿಯಿಂದ ಕೈಗೆ ಇಳಿದೇ ಇರಲಿಲ್ಲ. ಹಂಚಿನ ಹತ್ತಿರ ಕೂತು ಏಳು ಹೆಜ್ಜೆ ಎಣಿಸುವಾಗಲೂ ಶಾಲೆಯ ಇಪ್ಪತ್ತೆರಡು ಬೈ ಏಳು ನನ್ನ ನೆನಪಿಗೆ ಬರಲಿಲ್ಲ. ಎರಡೂ ಒಂದೇ ಇರಬಹುದೆಂಬ ಅನುಮಾನವೂ ಸುಳಿಯಲಿಲ್ಲ. ಶಾಲೆಯ ಲೆಕ್ಕ ಶಾಲೆಯದು, ಮನೆಯ ಹಂಚು ಮನೆಯದು. ತಪ್ಪು ಮಾಡಿ, ನಾರು ಸುಟ್ಟು, ಮತ್ತೆ ಅಳೆದು ಕಂಡುಕೊಂಡದ್ದನ್ನು ಮಾತ್ರ ನಾನು ಎಂದೂ ಬಾಯಿಪಾಠ ಮಾಡಬೇಕಾಗಲಿಲ್ಲ.

ಅವ್ವ ಬಂದ ಕೂಡಲೇ ಹಂಚು ಮುಂದಿಟ್ಟುಕೊಂಡು ಕೂತೆ. ಮೊದಲು ಬೈದಳು. ರೊಟ್ಟಿ ಹಂಚಿನ ಜೊತೆ ಏನಾಟ, ಕೆಲಸವಿಲ್ಲವೇ ಎಂದಳು. ನೂಲು ಸುತ್ತಿ ತೋರಿಸಿದೆ. ನಾನು ಸಡಿಲ ಹಿಡಿದಿದ್ದೇನೆ ಎಂದು ಕಿತ್ತುಕೊಂಡು ತಾನೇ ಸುತ್ತಿದಳು. ಜಾಗ ಉಳಿಯಿತು. ಜರಡಿ ತರಿಸಿದಳು, ಉಳಿಯಿತು. ಹಂಡೆಯ ಮುಚ್ಚಳಕ್ಕೆ ಸುತ್ತುವಾಗ ಅವಳ ಕೈ ನಿಧಾನವಾಯಿತು. ಮೂರನೆಯ ಸಲವೂ ಜಾಗ ಉಳಿದಾಗ ನೂಲನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಕಡೆ ನೋಡುತ್ತ ಕೂತಳು. ಅವಳ ಅವ್ವ ಹೇಳಿಕೊಟ್ಟ ಲೆಕ್ಕ ಅದು. ಅದರ ಮೇಲೆ ಕೈಯಿಟ್ಟು ಅವಳು ಇಷ್ಟು ವರ್ಷ ಬದುಕಿದ್ದಳು. ಸಿಟ್ಟು ಬರುತ್ತದೆ ಎಂದು ನಾನು ಹಿಂದೆ ಸರಿದೆ. ಸಿಟ್ಟು ಬರಲಿಲ್ಲ.

"ನಾಳಿ ಮಾಗಳದ ಕಡಿ ಹೋಗೋಣು," ಅಂದಳು. "ಆ ಹಗ್ಗ ತಗೊಂಡು ಬಾ."

ಆ ಮನೆಯವರು ನಮ್ಮನ್ನು ನೋಡಿ ಮುಖ ಗಂಟು ಹಾಕಿದರು. ಹೂ ಬೇಕಿಲ್ಲ ಅಂದರು. ಹೂ ಮಾರಲು ಬಂದಿಲ್ಲ, ಬಾವಿ ಅಳೆಯಲು ಬಂದಿದ್ದೇನೆ, ನೀವೇ ಅಳೆಯಬೇಕು ಎಂದು ಅವ್ವ ಹೇಳಿದಳು. ಆ ಮನೆಯ ಸೊಸೆ ಬಂದಳು, ಹಿಂದೆ ಅಜ್ಜಿಯೂ ಬಂದಳು. ಅವ್ವನ ಮೊಳದ ಹುರಿಯನ್ನು ಅಜ್ಜಿ ತನ್ನ ಕೈಗಿಟ್ಟು ನೋಡಿದಳು. ಸರಿಸಮ ಬಂತು. ಅವರೇ ಕಳಿಸಿದ್ದ ಹಗ್ಗವನ್ನು ಅದರಿಂದ ಅಳೆದರು, ಹದಿನಾಲ್ಕು. ಆಮೇಲೆ ಸೊಸೆ ಕಲ್ಲುಕಟ್ಟೆಯ ಸುತ್ತ ಒಂದೊಂದೇ ಮೊಳ ಅಳೆಯುತ್ತ ಹೋದಳು, ಅಜ್ಜಿ ಗಟ್ಟಿಯಾಗಿ ಎಣಿಸಿದಳು. ನಲವತ್ತೆರಡು ದಾಟಿದಾಗ ನಾನೂ ಅಜ್ಜಿಯ ಜೊತೆ ಎಣಿಸತೊಡಗಿದೆ. ನಲವತ್ತಮೂರು. ನಲವತ್ತನಾಲ್ಕಕ್ಕೆ ಹುರಿಯ ತುದಿ ಮೊದಲು ಇಟ್ಟಿದ್ದ ಕಲ್ಲಿಗೆ ಬಂದು ಮುಟ್ಟಿತು.

ನಾನು ಒಬ್ಬಳೇ ಕೂತು ಹೂಡಿದ ಲೆಕ್ಕಕ್ಕೆ ಆ ಕಲ್ಲುಬಾವಿ ಒಪ್ಪಿಕೊಂಡಿತ್ತು. ಅದುವರೆಗೆ ಆ ಬಾವಿಯ ಸುತ್ತು ಅಳೆದವರು ಒಬ್ಬರೂ ಇರಲಿಲ್ಲ.

"ನನ್ ಕೈ ಗಿಡ್ಡಲ್ರಿ ಯಮ್ಮಾ," ಅಂದಳು ಅವ್ವ. "ನನಗ ಲೆಕ್ಕ ತಿಳೀಲಿಲ್ಲ. ತಪ್ಪು ನಂದ. ಕಳ್ಳತನ ಅಲ್ಲ."

ಅಜ್ಜಿ ಒಳಗೆ ಕರೆದು ಅವ್ವನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ದೊಡ್ಡ ಮನೆಯವರಿಗೆ ಕಷ್ಟ. ಅಕ್ಕಿ, ಕೊಬ್ಬರಿಬಟ್ಟಲು, ಕುಬುಸದ ಬಟ್ಟೆ ಕೊಡುವುದು ಸುಲಭ. ಅವ್ವ ಅಷ್ಟಕ್ಕೇ ಹಗುರಾದಳು. ನನಗೆ ಆಗಲಿಲ್ಲ. ಬಸ್ಸಿನಲ್ಲಿ ಉದ್ದಕ್ಕೂ ಕಾದೆ, ಅವ್ವ ಏನಾದರೂ ಹೇಳುತ್ತಾಳೆಂದು. ಉಡಿಯ ಕೊಬ್ಬರಿ ಮುರಿದು ಕೊಟ್ಟಳು, ಅಷ್ಟೇ. ಶಾಲೆಯ ಸುದ್ದಿಯಿಲ್ಲ, ಹೊಡೆದದ್ದರ ಸುದ್ದಿಯೂ ಇಲ್ಲ. ಹುರಿಯ ಬಾಸುಂಡೆ ತೋಳಿನ ಮೇಲೆ ಇನ್ನೂ ಮಾಸಿರಲಿಲ್ಲ.

ಮರುದಿನ ಬೆಳಿಗ್ಗೆ ಬುಟ್ಟಿ ಹೊತ್ತು ಹೊರಟವಳು ನನ್ನ ಪಾಟೀಚೀಲವನ್ನು ನನ್ನ ಕೈಗೆ ತುರುಕಿ, ನಡಿ ಅಂದಳು. ಶಾಲೆಯ ಮುಂದೆ ನಿಂತು ಮೇಷ್ಟ್ರನ್ನು ಹೊರಗೆ ಕರೆಸಿದಳು. ಅವ್ವ ಶಾಲೆಯ ಅಂಗಳಕ್ಕೆ ಕಾಲಿಟ್ಟದ್ದು ಅದೇ ಮೊದಲು. ಇಷ್ಟು ದಿನ ಕಳಿಸದಿದ್ದಕ್ಕೆ ಬೈಗುಳ ಬೀಳುತ್ತದೆ ಎಂದು ನಾನು ಅವಳ ಹಿಂದೆ ನಿಂತೆ. ಅವ್ವ ಬೈಸಿಕೊಳ್ಳಲು ಅವಕಾಶವನ್ನೇ ಕೊಡಲಿಲ್ಲ, ನೇರವಾಗಿ ಕೇಳಿದಳು.

"ಮೇಷ್ಟ್ರ, ದುಂಡಂದು ಯಾವುದರ ಇರ್ಲಿ, ಸುತ್ತು ಅಂದ್ರ ಅಡ್ಡಗಲದ ಮೂರು ಪಟ್ಟು, ಮ್ಯಾಲೆ ಅಡ್ಡಗಲದ ಏಳನೇ ಒಂದು ಪಾಲು. ಈಕಿ ಕಂಡು ಹಿಡಿದಾಳ. ಇದು ನಿಮ್ಮ ಪುಸ್ತಕದಾಗ ಐತೇನ್ರಿ?"

ಮೇಷ್ಟ್ರು ಹುಬ್ಬು ಗಂಟಿಕ್ಕಿದರು. ಅಂಗೈ ಮೇಲೆ ಬೆರಳಿನಿಂದ ಏನೋ ಬರೆದರು. ಮೂರು ಏಳಲೆ ಇಪ್ಪತ್ತೊಂದು, ಅದಕ್ಕೊಂದು. ಬೆರಳು ಅಲ್ಲೇ ನಿಂತಿತು.

"ಐತವ್ವ," ಅಂದರು. "ಇಪ್ಪತ್ತೆರಡು ಬೈ ಏಳು ಅಂದ್ರ ಅದ."

ನನ್ನ ಗುಟ್ಟು ನನ್ನದಾಗಿರಲಿಲ್ಲ. ಯಾರೋ ಯಾವ ಕಾಲದಲ್ಲೋ ಕಂಡುಕೊಂಡು ಬರೆದಿಟ್ಟಿದ್ದರು, ನಾನು ಅದನ್ನೇ ಕೂಗುತ್ತ ಏಟು ತಿಂದಿದ್ದೆ. ಅಳುವಷ್ಟು ಬೇಜಾರಾಯಿತು, ಅದರ ಜೊತೆಗೇ ಆ ಗೊತ್ತಿಲ್ಲದ ಯಾರೋ ನನ್ನ ಹಾಗೆಯೇ ಕೂತು ಅಳೆದಿದ್ದಾನೆ ಎಂದು ಒಳಗೊಳಗೇ ಹಿಗ್ಗೂ ಆಯಿತು.

ಅವ್ವನಿಗೆ ಆ ಹಿಗ್ಗೆಲ್ಲ ಇರಲಿಲ್ಲ. ಅದು ಇಂಥದ್ದಕ್ಕೆ ಎಂದು ಮಕ್ಕಳಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಮೇಷ್ಟ್ರು ಕೆಟ್ಟವರಲ್ಲ. ಸಿಟ್ಟು ಮಾಡಿಕೊಳ್ಳಬಹುದಿತ್ತು, ಮಾಡಿಕೊಳ್ಳಲಿಲ್ಲ. ನೆಲ ನೋಡುತ್ತ ಮೆಲ್ಲಗೆ ಹೇಳಿದರು.

"ನನಗೂ ಯಾರೂ ಹೇಳಿದ್ದಿಲ್ಲವ್ವ."

ಅವ್ವ ತಲೆಯಾಡಿಸಿದಳು. ಬುಟ್ಟಿಯನ್ನು ಸೊಂಟದಿಂದ ತಲೆಗೇರಿಸಿಕೊಂಡಳು.

"ನೀವು ಹೇಳಿದ್ರ ಈಕಿ ನನಗ ಹೇಳ್ತಿದ್ಲು," ಅಂದಳು. "ನಾನು ನನ್ ಕೂಸಿನ್ನ ಹೊಡೀತಿದ್ದಿಲ್ಲ."

ಹೊಡೆದದ್ದರ ಬಗ್ಗೆ ಅವ್ವ ಬದುಕಿರುವವರೆಗೂ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಆಡಿದ್ದು ಅದೊಂದೇ ಸಲ, ಅದೂ ಮೇಷ್ಟ್ರಿಗೆ. ಹೇಳಿ, ನನ್ನ ಕಡೆ ನೋಡದೆ ಬಸ್ ನಿಲ್ದಾಣದ ದಾರಿ ಹಿಡಿದಳು. ಮೇಷ್ಟ್ರು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು, ನಾನು ಒಳಗೆ ಹೋಗಿ ಕೂತೆ.